ಲೈಸೆನ್ಸ್ ನಿರಾಕರಿಸಿ, ಕಾರಣವನ್ನೂ ಹೇಳಿ

‘ಅರ್ಜಿದಾರರ ಹಿಂದಿನ ಅನರ್ಹತೆಗಳನ್ನು ಗಮನಿಸಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ಆದೇಶ ಇಷ್ಟೇ. ಕೆಳಗೊಂದು ಸಹಿ, ಒಂದು ಮೊಹರು. 2024ರ ಡಿಸೆಂಬರಿನಲ್ಲಿ, ಅಂಗಳದ ತುಂಬ ಅಡಿಕೆ ಒಣಗುತ್ತಿದ್ದ ದಿನಗಳಲ್ಲಿ, ಕಾಣಿಯೂರಿನ ನಮ್ಮ ಹಿರಿಯರ ಮನೆಯ ಜಗಲಿಯಲ್ಲಿ ಕುಳಿತು ನಾನು ಓದಿದ ಕಾಗದವಿದು. ತಂದವನು ನನ್ನ ಶಾಲಾ ಸಹಪಾಠಿಯೊಬ್ಬನ ಮಗ. ವಯಸ್ಸು ನಲವತ್ತರ ಆಸುಪಾಸು. ಹದಿನೈದು ವರ್ಷ ಹೊರಜಿಲ್ಲೆಯ ನಗರವೊಂದರಲ್ಲಿ ಲಾರಿ ಓಡಿಸಿದವನು. ತಂದೆಗೆ ಕಾಯಿಲೆಯಾದ ಮೇಲೆ ಊರಿಗೆ ಮರಳಿ, ಇಲ್ಲಿಯೇ ಲಾರಿಯೊಂದರ ಚಾಲಕನಾಗಿ ಸೇರಿಕೊಳ್ಳುವ ಆಲೋಚನೆಯಲ್ಲಿದ್ದ. ಊರಿಗೆ ಹೊರಡುವ ಮುನ್ನ, ತಾನಿದ್ದ ನಗರದ ಸಾರಿಗೆ ಕಚೇರಿಯಲ್ಲಿ ತನ್ನ ‘ಹೆವಿ ಲೈಸೆನ್ಸ್’ ನವೀಕರಣಕ್ಕೆ ಅರ್ಜಿ ಹಾಕಿದ್ದ. ಅದಕ್ಕೆ ಬಂದ ಉತ್ತರ ಆ ಒಂದು ವಾಕ್ಯ.

ಆತ ತನ್ನ ಹಿಂದಿನದನ್ನು ಮುಚ್ಚಿಡಲಿಲ್ಲ. 2016 ಮತ್ತು 2017ರಲ್ಲಿ ಅತಿವೇಗಕ್ಕಾಗಿ, 2018ರಲ್ಲಿ ವಾಹನ ಓಡಿಸುತ್ತ ಮೊಬೈಲಿನಲ್ಲಿ ಮಾತನಾಡಿದ್ದಕ್ಕಾಗಿ, ಹೀಗೆ ಮೂರು ಬಾರಿ ತಲಾ ಮೂರು ತಿಂಗಳು ಆತನ ಪರವಾನಗಿ ಅಮಾನತಾಗಿತ್ತು. ಮೂರರಲ್ಲಿಯೂ ಯಾರಿಗೂ ಗಾಯವಾಗಿರಲಿಲ್ಲ. ಆ ಮೇಲೆ ಆತನ ದಾಖಲೆಯಲ್ಲಿ ಯಾವ ಅಪರಾಧವೂ ಇಲ್ಲ. 2019ರ ಕೊನೆಯಲ್ಲಿ ಇದೇ ಇಲಾಖೆ ಇದೇ ಪರವಾನಗಿಯನ್ನು ಐದು ವರ್ಷಕ್ಕೆ ನವೀಕರಿಸಿಯೂ ಇತ್ತು.

‘ಮೂರು ಸಲ ತಪ್ಪು ಮಾಡಿದ್ದೇನೆ ಸರ್, ಇಲ್ಲ ಅಂತ ಹೇಳುವುದಿಲ್ಲ. ಅದಕ್ಕೆ ಮೂರು ಸಲ ಮನೆಯಲ್ಲಿ ಕೂತಿದ್ದೇನೆ. ಇದು ನಾಲ್ಕನೆಯದ್ದು ಯಾವುದಕ್ಕೆ ಅಂತ ಮಾತ್ರ ಗೊತ್ತಾಗುವುದಿಲ್ಲ’ ಎಂದ.

ಈ ಪ್ರಶ್ನೆಗೆ ಆದೇಶದಲ್ಲಿ ಉತ್ತರವಿರಲಿಲ್ಲ. ಈ ಲೇಖನದ ವಿಷಯ ಅದೇ. ಆತನಿಗೆ ಲೈಸೆನ್ಸ್ ಕೊಡಲೇಬೇಕೆಂದು ನಾನು ವಾದಿಸುತ್ತಿಲ್ಲ. ಕೊಡದಿದ್ದರೆ ಏಕೆಂದು ಹೇಳಬೇಕು ಎನ್ನುವುದಷ್ಟೇ ನನ್ನ ವಾದ.

ಮೊದಲು ಎದುರು ಪಕ್ಷದ ಮಾತನ್ನು ಕೇಳೋಣ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕವೊಂದರಲ್ಲೇ ಆ ವರ್ಷ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅತಿವೇಗ ಇದರ ಮುಖ್ಯ ಕಾರಣಗಳಲ್ಲೊಂದೆಂಬುದು ವಿವಾದವಿಲ್ಲದ ಸಂಗತಿ. ಸುಪ್ರೀಂ ಕೋರ್ಟು ನೇಮಿಸಿದ್ದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ರಸ್ತೆ ಸುರಕ್ಷತಾ ಸಮಿತಿಯು 2015ರ ಆಗಸ್ಟಿನಲ್ಲಿ, ಅತಿವೇಗ, ಕೆಂಪು ದೀಪದ ಉಲ್ಲಂಘನೆ, ಕುಡಿದು ಚಾಲನೆ, ಚಾಲನೆಯ ವೇಳೆ ಮೊಬೈಲ್ ಬಳಕೆ, ಸರಕು ವಾಹನದಲ್ಲಿ ಮಿತಿಮೀರಿದ ಭಾರ, ಸರಕು ವಾಹನದಲ್ಲಿ ಜನರ ಸಾಗಣೆ ಇವುಗಳಿಗೆ ಕನಿಷ್ಠ ಮೂರು ತಿಂಗಳು ಪರವಾನಗಿ ಅಮಾನತುಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ಸೂಚಿಸಿದ್ದು ಸುಮ್ಮನೆ ಅಲ್ಲ.

ನಾನು ಈ ಚಾಲಕನ ಮೇಲ್ಮನವಿ ಬರೆದುಕೊಡುತ್ತಿದ್ದೇನೆಂಬ ಸುದ್ದಿ ಹರಡಿದಾಗ ನೆರೆಮನೆಯ ಗೃಹಿಣಿಯೊಬ್ಬರು ಬೇಲಿಯಾಚೆ ನಿಂತು ಕೇಳಿದರು: ‘ನೀವು ಅವನಿಗೆ ಬರೆದು ಕೊಡುತ್ತಿದ್ದೀರಂತೆ ಹೌದಾ ಸರ್? ನಮ್ಮ ಮಕ್ಕಳು ಇದೇ ರಸ್ತೆಯ ಬದಿಯಲ್ಲಿ ನಡೆದುಕೊಂಡು ಶಾಲೆಗೆ ಹೋಗುವುದಲ್ವಾ?’ ನಮ್ಮ ಕಡೆಯ ರಸ್ತೆಗಳನ್ನು ಕಂಡವರಿಗೆ ಈ ಪ್ರಶ್ನೆಯ ಭಾರ ಗೊತ್ತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ತೋಟದ ಇಳಿಜಾರು, ನಡುವೆ ತಿರುವಿನ ಮೇಲೆ ತಿರುವು. ಮಳೆಗಾಲದಲ್ಲಿ ಕೊಡೆ ಹಿಡಿದ ಮಕ್ಕಳು ಡಾಮರಿನ ಅಂಚಿನಲ್ಲೇ ನಡೆಯಬೇಕು. ಕೆಂಪುಕಲ್ಲು ಹೇರಿಕೊಂಡು ಬರುವ ಲಾರಿಗೂ ಮಗುವಿನ ಕೊಡೆಗೂ ನಡುವಿನ ಅಂತರ ಕೆಲವೊಮ್ಮೆ ಒಂದು ಗೇಣು. ಆಕೆಗೆ ಆ ಕ್ಷಣದಲ್ಲಿ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ.

ಉತ್ತರ ಹುಡುಕುತ್ತ ಮೋಟಾರು ವಾಹನ ಕಾಯ್ದೆ, 1988ನ್ನು ಮತ್ತೆ ತೆರೆದೆ. ನಮ್ಮಲ್ಲಿ ಅನೇಕರು ಭಾವಿಸಿರುವುದಕ್ಕಿಂತ ಇದು ಹೆಚ್ಚು ವಿವೇಕದ ಕಾಯ್ದೆ.

ಚಾಲಕನ ಹಿಂದಿನ ನಡತೆಯನ್ನು ಮುಂದಿಟ್ಟು ಪರವಾನಗಿ ತಡೆಯಲು ಈ ಕಾಯ್ದೆಯಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದನೆಯದು ಸೆಕ್ಷನ್ 9. ಅರ್ಜಿದಾರ ರೂಢಿಗತ ಅಪರಾಧಿಯೋ ಕುಡುಕನೋ ಮಾದಕ ವ್ಯಸನಿಯೋ ಆಗಿದ್ದರೆ, ಅಥವಾ ಆತನ ಪರವಾನಗಿ ಹಿಂದೆ ರದ್ದಾಗಿದ್ದರೆ, ಹೊಸದನ್ನು ನಿರಾಕರಿಸಬಹುದು. ಎರಡನೆಯದು ಸೆಕ್ಷನ್ 19. ಹಿಂದಿನ ನಡತೆಯಿಂದ ಆತನ ಚಾಲನೆ ಸಾರ್ವಜನಿಕರಿಗೆ ಅಪಾಯ ತರುವಂಥದ್ದೆಂದು ಕಂಡುಬಂದರೆ ಪರವಾನಗಿಯನ್ನು ನಿರ್ದಿಷ್ಟ ಅವಧಿಗೆ ತಡೆಹಿಡಿಯಬಹುದು ಅಥವಾ ರದ್ದುಪಡಿಸಬಹುದು. ಎರಡರಲ್ಲಿಯೂ ಎರಡು ಷರತ್ತುಗಳು ಸಮಾನ: ಆ ವ್ಯಕ್ತಿಯ ಅಹವಾಲು ಕೇಳಬೇಕು, ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು. ಸೆಕ್ಷನ್ 17 ಇನ್ನೂ ಸ್ಪಷ್ಟ. ಪರವಾನಗಿ ಕೊಡಲು ಅಥವಾ ನವೀಕರಿಸಲು ನಿರಾಕರಿಸಿದರೆ, ಕಾರಣಸಹಿತವಾದ ಆದೇಶವನ್ನು ಅರ್ಜಿದಾರನಿಗೆ ತಲುಪಿಸಬೇಕು. ಮೂವತ್ತು ದಿನಗಳೊಳಗೆ ಆತ ಮೇಲ್ಮನವಿ ಸಲ್ಲಿಸಬಹುದು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ‘ಅನರ್ಹತೆ’ ಬೇರೆ, ‘ರದ್ದತಿ’ ಬೇರೆ. ಅನರ್ಹತೆ ಎಂಬುದು ಅವಧಿ ಗೊತ್ತುಪಡಿಸಿದ ಶಿಕ್ಷೆ. ಅವಧಿ ಮುಗಿದೊಡನೆ ಅದರ ಪರಿಣಾಮವೂ ಮುಗಿಯುತ್ತದೆ. ಸೆಕ್ಷನ್ 9 ಹೆಸರಿಸುವುದು ರದ್ದತಿಯನ್ನು. ಅವಧಿ ಮುಗಿದ ಅನರ್ಹತೆಯನ್ನು ಅದು ಹೆಸರಿಸುವುದಿಲ್ಲ. ಆದ್ದರಿಂದ ‘ಹಿಂದಿನ ಅನರ್ಹತೆಗಳನ್ನು ಗಮನಿಸಿ’ ಎಂಬ ಮಾತು, ನನ್ನ ಓದಿನ ಪ್ರಕಾರ, ತಾನಾಗಿಯೇ ಒಂದು ಕಾರಣವಾಗಲಾರದು. ಆ ಅನರ್ಹತೆಗಳು ಇಂದಿನ ಯಾವ ಅಪಾಯವನ್ನು ಸೂಚಿಸುತ್ತವೆ ಎಂದು ಅಧಿಕಾರಿ ಹೇಳಬೇಕು.

ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಷಮೆಗೂ ಲೆಕ್ಕ ಇಟ್ಟಿದೆ. ಅನರ್ಹತೆಯ ವಿವರವನ್ನು ಪರವಾನಗಿಯ ಮೇಲೆ ನಮೂದಿಸಬೇಕೆನ್ನುತ್ತದೆ ಸೆಕ್ಷನ್ 24. ಅದರ ಬೆನ್ನಿಗೇ ಬರುವ ಸೆಕ್ಷನ್ 25, ಕೊನೆಯ ನಮೂದಿನ ನಂತರ ಅನರ್ಹತೆಯ ಅವಧಿಯನ್ನು ಬಿಟ್ಟು ಸತತ ಮೂರು ವರ್ಷ ಹೊಸ ನಮೂದು ಬೀಳದಿದ್ದರೆ, ಚಾಲಕನು ಕಲೆಯಿಲ್ಲದ ಹೊಸ ಪರವಾನಗಿ ಪಡೆಯಲು ಹಕ್ಕುಳ್ಳವನು ಎನ್ನುತ್ತದೆ. ನಮೂದು ವೇಗಮಿತಿಗೆ ಮಾತ್ರ ಸಂಬಂಧಿಸಿದ್ದರೆ ಒಂದು ವರ್ಷವೇ ಸಾಕು. ಸೆಕ್ಷನ್ 23ರ ಪ್ರಕಾರ, ದೀರ್ಘ ಅನರ್ಹತೆಗೆ ಒಳಗಾದವನು ಸಹ ಆರು ತಿಂಗಳ ನಂತರ ಅದನ್ನು ತೆಗೆದುಹಾಕುವಂತೆ ಅಥವಾ ಮಾರ್ಪಡಿಸುವಂತೆ ಆದೇಶ ಕೊಟ್ಟವರನ್ನೇ ಕೇಳಿಕೊಳ್ಳಬಹುದು. ಮನುಷ್ಯ ತಿದ್ದಿಕೊಳ್ಳಬಲ್ಲ ಎಂಬ ನಂಬಿಕೆಯ ಮೇಲೆ ಸಂಸತ್ತು ಈ ನಿಯಮಗಳನ್ನು ರಚಿಸಿದೆ. ಆದರೆ ಪರವಾನಗಿಯ ಪುಸ್ತಕ ಹೋಗಿ ಕಾರ್ಡು ಬಂತು, ಕಡತ ಹೋಗಿ ಕಂಪ್ಯೂಟರ್ ಬಂತು. ಕಾನೂನು ಅಳಿಸಲು ಹೇಳಿದ್ದನ್ನು ಕಂಪ್ಯೂಟರ್ ತಾನಾಗಿ ಮರೆಯುವುದಿಲ್ಲ. ಪರದೆಯ ಮೇಲೆ ಮೂರು ಸಾಲು ಕಂಡ ಅಧಿಕಾರಿ, ದಿನಾಂಕ ನೋಡದೆ ನಾಲ್ಕನೆಯ ಸಾಲು ಬರೆದುಬಿಡುತ್ತಾನೆ.

ಹೀಗೆ ಬರೆಯುವ ಅಧಿಕಾರಿಯನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ನಾನೂ ಒಮ್ಮೆ ಅವನೇ ಆಗಿದ್ದೆ. ಸೇವೆಯ ಆರಂಭದ ವರ್ಷಗಳಲ್ಲಿ, ಉಪವಿಭಾಗವೊಂದರಲ್ಲಿದ್ದಾಗ, ನ್ಯಾಯಬೆಲೆ ಅಂಗಡಿಯೊಂದರ ಅನುಮತಿಯನ್ನು ನವೀಕರಿಸಲು ನಿರಾಕರಿಸಿದ್ದೆ. ಕಡತದಲ್ಲಿ ಹಳೆಯ ಎರಡು ದೂರುಗಳಿದ್ದವು. ‘ಪರಿಶೀಲಿಸಲಾಯಿತು. ತಿರಸ್ಕರಿಸಲಾಗಿದೆ’ ಎಂದು ಬರೆದು ಸಹಿ ಹಾಕಿ ಊಟಕ್ಕೆ ಹೋದೆ. ಎರಡು ವರ್ಷದ ನಂತರ ಹೈಕೋರ್ಟು ಆ ಆದೇಶವನ್ನು ಬದಿಗಿಟ್ಟು, ಕಾರಣ ನೀಡಿ ಹೊಸದಾಗಿ ತೀರ್ಮಾನಿಸುವಂತೆ ಪ್ರಕರಣವನ್ನು ನನಗೇ ಮರಳಿಸಿತು. ಕಾರಣ ಬರೆಯಲು ಕುಳಿತೆ. ಎರಡು ದೂರುಗಳಲ್ಲಿ ಒಂದು ಹಿಂದೆಯೇ ವಿಚಾರಣೆಯಲ್ಲಿ ಬಿದ್ದುಹೋಗಿತ್ತು, ಇನ್ನೊಂದು ಬೇರೆ ಅಂಗಡಿಗೆ ಸಂಬಂಧಿಸಿತ್ತು. ಎರಡು ಗಂಟೆ ಕುಳಿತರೂ ಕಾರಣ ಸಿಗಲಿಲ್ಲ. ಅನುಮತಿ ಕೊಟ್ಟೆ. ಅಷ್ಟರಲ್ಲಿ ಆ ಅಂಗಡಿಯವನು ಊರು ಬಿಟ್ಟಿದ್ದ.

ಕಾರಣ ಬರೆಯಬೇಕೆಂಬ ನಿಯಮವನ್ನು ನಮ್ಮ ಕಚೇರಿಗಳು ಅರ್ಜಿದಾರನಿಗೆ ತೋರುವ ಸೌಜನ್ಯವೆಂದು ತಿಳಿಯುತ್ತವೆ. ಅದು ಮೊದಲು ಅಧಿಕಾರಿಯ ಆಲೋಚನೆಯನ್ನೇ ಪರೀಕ್ಷಿಸುವ ಸಾಧನ. ಬರೆಯದೆ ಇದ್ದಾಗ ಸರಿಯೆಂದು ತೋರಿದ್ದು, ಬರೆಯಹೊರಟಾಗ ಕೈಯಲ್ಲೇ ಕರಗಿಹೋಗಬಹುದು.

ಕಾರಣವಿಲ್ಲದ ಆದೇಶ ಹೈಕೋರ್ಟಿನ ಮುಂದೆ ಹೋದಾಗ ಏನಾಗುತ್ತದೆ? ಸಂವಿಧಾನದ 226ನೇ ವಿಧಿಯಡಿ ನಡೆಯುವ ನ್ಯಾಯಾಂಗ ಪರಾಮರ್ಶೆಯ ಬಗ್ಗೆ ಸುಶಿಕ್ಷಿತರಲ್ಲೂ ಒಂದು ತಪ್ಪು ಕಲ್ಪನೆಯಿದೆ. ನ್ಯಾಯಾಲಯವು ಸಾರಿಗೆ ಅಧಿಕಾರಿಯ ಕುರ್ಚಿಯಲ್ಲಿ ಕುಳಿತು ಲೈಸೆನ್ಸ್ ಕೊಡುವುದಿಲ್ಲ. ಈ ಮನುಷ್ಯ ಒಳ್ಳೆಯ ಚಾಲಕನೇ ಎಂದು ಅದು ಕೇಳುವುದಿಲ್ಲ. ಆದೇಶ ಕೊಟ್ಟವರಿಗೆ ಅಧಿಕಾರವಿತ್ತೇ, ಅಹವಾಲು ಕೇಳಿದರೇ, ನೋಡಬೇಕಾದದ್ದನ್ನು ನೋಡಿದರೇ, ನೋಡಬಾರದ್ದನ್ನು ಬಿಟ್ಟರೇ, ಕಾರಣ ಹೇಳಿದರೇ ಎಂದಷ್ಟೇ ಕೇಳುತ್ತದೆ. ತಪ್ಪು ಕಂಡರೆ ಸಾಮಾನ್ಯವಾಗಿ ಮರುಪರಿಶೀಲನೆಗೆ ಹಿಂದಿರುಗಿಸುತ್ತದೆ. ಮೊದಲು ಕಾರಣ ಬರೆಯದೆ, ನ್ಯಾಯಾಲಯಕ್ಕೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಕಾರಣಗಳನ್ನು ತುಂಬಿಸುವಂತಿಲ್ಲ ಎಂಬುದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಿಂದ (1978) ಸ್ಥಿರಪಟ್ಟ ತತ್ವ. ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೇ ಎಂದು ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟು ಹೇಳಿತು. ಕಾನೂನು ಗೊತ್ತುಪಡಿಸಿದ ನ್ಯಾಯೋಚಿತ ಮಾರ್ಗದಿಂದ ಮಾತ್ರ ಅದನ್ನು ಕಿತ್ತುಕೊಳ್ಳಬಹುದು. ಅಧಿಕಾರದ ಪ್ರಶ್ನೆಗೆ ಹತ್ತಿರದ ಉದಾಹರಣೆ ಬೇಕಿದ್ದರೆ, 2022ರಲ್ಲಿ ಕೋಲ್ಕತ್ತ ಹೈಕೋರ್ಟು ಅತಿವೇಗದ ಪ್ರಕರಣವೊಂದರಲ್ಲಿ, ಪರವಾನಗಿಯನ್ನು ವಶಪಡಿಸಿಕೊಂಡು ಪ್ರಾಧಿಕಾರಕ್ಕೆ ಕಳುಹಿಸುವುದಷ್ಟೇ ಪೊಲೀಸರ ಕೆಲಸ, ಅಮಾನತುಗೊಳಿಸುವ ಅಧಿಕಾರ ಪರವಾನಗಿ ಪ್ರಾಧಿಕಾರದ್ದು ಎಂದು ತೀರ್ಪಿತ್ತಿತು.

ತತ್ವಗಳೆಲ್ಲ ಸರಿ. ಆದರೆ ಕಾಣಿಯೂರಿನ ಲಾರಿ ಚಾಲಕನಿಗೆ ಅವು ಎಷ್ಟು ದೂರ? ಮಂಗಳೂರು–ಬೆಂಗಳೂರು ರೈಲುಮಾರ್ಗ ನಮ್ಮೂರಿನಲ್ಲೇ ಹಾದುಹೋಗುತ್ತದೆ. ಹೈಕೋರ್ಟು ಮಾತ್ರ ಅದರಿಂದ ಹತ್ತಿರವಾಗಿಲ್ಲ. ವಕೀಲರ ಶುಲ್ಕ, ಓಡಾಟ, ತಿಂಗಳುಗಟ್ಟಲೆ ಕಾಯುವಿಕೆ ಇವನ್ನೆಲ್ಲ ಲೆಕ್ಕ ಹಾಕಿದರೆ, ದುಡಿಮೆ ನಿಂತ ಮನುಷ್ಯನಿಗೆ ಗೆಲುವೂ ಸೋಲಿನಷ್ಟೇ ದುಬಾರಿ. ಹತ್ತಿರವಿರುವ ಪರಿಹಾರ ಮೂವತ್ತು ದಿನದ ಮೇಲ್ಮನವಿ. ಅಂಥದ್ದೊಂದು ಇದೆಯೆಂದು ಆ ಆದೇಶದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಆತ ನನ್ನ ಬಳಿ ಬಂದಾಗ ಉಳಿದಿದ್ದುದು ಆರು ದಿನ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು ಹೇಳಬೇಕು. ನಿರಾಕರಣೆಗೆ ಬೆಲೆಯಿಲ್ಲವೆಂದು ಆಡಳಿತ ಭಾವಿಸುತ್ತದೆ. ಕೊಟ್ಟು ಅಪಘಾತವಾದರೆ ಪ್ರಶ್ನೆ ಬರುತ್ತದೆ, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಆದರೆ ಓಡಿಸುವುದೊಂದೇ ಕಸುಬು ಗೊತ್ತಿರುವವನು ಕಾರಣ ತಿಳಿಯದ, ಕೊನೆಯೂ ಕಾಣದ ನಿಷೇಧಕ್ಕೆ ಸಿಕ್ಕಿದಾಗ ಎಲ್ಲರೂ ರಬ್ಬರ್ ಟ್ಯಾಪಿಂಗಿಗೆ ಹೋಗುವುದಿಲ್ಲ. ಕೆಲವರು ಲೈಸೆನ್ಸ್ ಇಲ್ಲದೆಯೇ, ಕಡಿಮೆ ಸಂಬಳಕ್ಕೆ, ರಾತ್ರಿ ಹೊತ್ತು ಓಡಿಸುತ್ತಾರೆ. ಆಗ ಅಪಘಾತವಾದರೆ ಚಾಲಕನಿಗೆ ಸಿಂಧುವಾದ ಪರವಾನಗಿ ಇರಲಿಲ್ಲವೆಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಮೊದಲು ಪರಿಹಾರ ಕೊಟ್ಟು ಆಮೇಲೆ ವಾಹನದ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ಆದೇಶಿಸುವ ದಾರಿಯನ್ನು ಸ್ವರಣ್ ಸಿಂಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟು ತೆರೆದಿಟ್ಟಿದ್ದರೂ, ಸತ್ತವನ ಮನೆಯವರು ಆ ವ್ಯಾಜ್ಯದಲ್ಲಿ ವರ್ಷಗಳನ್ನು ಕಳೆಯಬೇಕಾಗುತ್ತದೆ. ಒಂದು ವಾಕ್ಯದ ಆದೇಶ ಉಳಿಸಿದ ಶ್ರಮದ ಬೆಲೆಯನ್ನು ಕೊನೆಗೆ ತೆರುವುದು ರಸ್ತೆ ಬದಿಯಲ್ಲಿ ನಡೆಯುವವರೇ.

ಬೇರೆ ದೇಶಗಳು ಈ ಗಂಟನ್ನು ಹೇಗೆ ಬಿಡಿಸಿಕೊಂಡಿವೆ? ಬ್ರಿಟನ್ನಿನಲ್ಲಿ ಮೂರು ವರ್ಷಗಳಲ್ಲಿ ಹನ್ನೆರಡು ದಂಡಾಂಕ ಸೇರಿದರೆ ಕನಿಷ್ಠ ಆರು ತಿಂಗಳ ಅನರ್ಹತೆ. ಆದರೆ ಅದರಿಂದ ಅಸಾಧಾರಣ ಸಂಕಷ್ಟ ಉಂಟಾಗುವುದೆಂದು ಚಾಲಕ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ಅದನ್ನು ಕಡಿಮೆ ಮಾಡಬಹುದು ಅಥವಾ ಕೈಬಿಡಬಹುದು. ಅಮೆರಿಕದ ವಿಸ್ಕಾನ್ಸಿನ್, ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ಪರವಾನಗಿ ಕಳೆದುಕೊಂಡವನಿಗೆ ದುಡಿಮೆಗಾಗಿ ಮಾತ್ರ, ಇಂತಿಷ್ಟು ಗಂಟೆ, ಇಂಥ ಪ್ರದೇಶದಲ್ಲಿ ಓಡಿಸಲು ಅವಕಾಶ ಕೊಡುವ ‘ಔದ್ಯೋಗಿಕ ಪರವಾನಗಿ’ಯೇ ಇದೆ. ಆದರೆ ಅಲ್ಲಿಯೂ ಭಾರಿ ವಾಣಿಜ್ಯ ವಾಹನಗಳಿಗೆ ಈ ರಿಯಾಯಿತಿ ಸಲ್ಲದು. ವಾಹನ ದೊಡ್ಡದಾದಷ್ಟೂ ನಿಯಮ ಬಿಗಿಯಾಗಬೇಕೆಂಬುದು ನ್ಯಾಯವೇ.

ನಮ್ಮಲ್ಲಿಯೂ ಆ ವಿವೇಚನೆಗೆ ಜಾಗವಿದೆ. ಸೆಕ್ಷನ್ 19 ಮತ್ತು 20 ಎಲ್ಲ ವರ್ಗದ ವಾಹನಗಳಿಗೆ ಅಥವಾ ನಿರ್ದಿಷ್ಟ ವರ್ಗಕ್ಕೆ ಮಾತ್ರ ಅನರ್ಹತೆ ವಿಧಿಸಲು ಬಿಡುತ್ತವೆ. 7,500 ಕಿಲೋ ಮೀರದ ಹಗುರ ಸಾರಿಗೆ ವಾಹನಗಳನ್ನು ಸಾಮಾನ್ಯ ಹಗುರ ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಂತೆ ಪರವಾನಗಿ ಅಮಾನತಾದವನು ಚಾಲನಾ ಪುನಶ್ಚೇತನ ತರಬೇತಿ ಪಡೆಯಬೇಕು. ಅಂದರೆ ‘ಪೂರ್ತಿ ಕೊಡು’ ಮತ್ತು ‘ಪೂರ್ತಿ ತಿರಸ್ಕರಿಸು’ ಇವೆರಡರ ನಡುವೆ ಹಲವು ಮೆಟ್ಟಿಲುಗಳಿವೆ. ಅವುಗಳನ್ನು ಬಳಸಬೇಕಾದರೆ ಅಧಿಕಾರಿ ಯೋಚಿಸಬೇಕು. ಯೋಚಿಸಿದ್ದಕ್ಕೆ ಸಾಕ್ಷಿ ಕಾಗದದ ಮೇಲಿರಬೇಕು.

ಸರ್ಕಾರಕ್ಕೆ ನನ್ನ ಸಲಹೆಗಳು ಮೂರೇ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಮೊದಲನೆಯದು, ನಿರಾಕರಣೆಯ ಆದೇಶಕ್ಕೆ ಒಂದು ನಿಗದಿತ ನಮೂನೆ. ಯಾವ ಅಪರಾಧ, ಯಾವ ದಿನಾಂಕ, ಯಾವ ಸೆಕ್ಷನ್, ಅಹವಾಲು ಕೇಳಿದ್ದು ಯಾವಾಗ, ಅಪಾಯ ಇಂದಿಗೂ ಉಳಿದಿದೆಯೆಂದು ಭಾವಿಸಲು ಕಾರಣವೇನು, ಮತ್ತೆ ಅರ್ಜಿ ಹಾಕಬಹುದಾದದ್ದು ಯಾವಾಗ ಎಂಬುದಕ್ಕೆ ಅದರಲ್ಲಿ ಜಾಗವಿರಲಿ. ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚಾಗಿರಲಿ. ಈ ಜಾಗಗಳು ಖಾಲಿಯಿದ್ದರೆ ಕಂಪ್ಯೂಟರ್ ಆದೇಶವನ್ನು ಸ್ವೀಕರಿಸದಿರಲಿ.

ಎರಡನೆಯದು, ಸೆಕ್ಷನ್ 25ರ ಲೆಕ್ಕವನ್ನು ಯಂತ್ರವೇ ಮಾಡಲಿ. ಅವಧಿ ಕಳೆದ ನಮೂದು ‘ಅವಧಿ ಮೀರಿದ್ದು’ ಎಂಬ ಗುರುತಿನೊಡನೆಯೇ ಅಧಿಕಾರಿಗೆ ಕಾಣಲಿ. ಆಗ ಹಳೆಯ ತಪ್ಪನ್ನೂ ಹೊಸ ತಪ್ಪನ್ನೂ ಒಂದೇ ರಾಶಿಗೆ ಸುರಿಯುವುದು ತಪ್ಪುತ್ತದೆ. ನಿಜಕ್ಕೂ ಅಪಾಯಕಾರಿಯಾದ ಚಾಲಕ ಆ ರಾಶಿಯಲ್ಲಿ ಮರೆಯಾಗುವುದೂ ತಪ್ಪುತ್ತದೆ.

ಮೂರನೆಯದು, ಮೇಲ್ಮನವಿಯ ವಿಚಾರಣೆ ಜನರ ಬಳಿಗೆ ಬರಲಿ. ಚಾಲನಾ ಪರೀಕ್ಷೆಗಾಗಿ ತಾಲ್ಲೂಕುಗಳಲ್ಲಿ ಶಿಬಿರ ನಡೆಸುವ ಪದ್ಧತಿ ಸಾರಿಗೆ ಇಲಾಖೆಗೆ ಹೊಸದಲ್ಲ. ಮೇಲ್ಮನವಿಗಳನ್ನೂ ಹಾಗೆಯೇ ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಇರುವ ತಾಲ್ಲೂಕು ಸಮಿತಿಗಳು ಅರ್ಹರಿಗೆ ಉಚಿತವಾಗಿ ಮನವಿ ಬರೆದುಕೊಡಬಹುದು. ಎಲ್ಲರ ಊರಿನಲ್ಲೂ ಒಬ್ಬ ನಿವೃತ್ತ ಅಧಿಕಾರಿ ಜಗಲಿಯಲ್ಲಿ ಕುಳಿತಿರುವುದಿಲ್ಲ.

ಆ ಚಾಲಕನ ಮೇಲ್ಮನವಿಯನ್ನು ಬರೆದುಕೊಡುವಾಗ ನಾನು ಹಾಕಿದ ಷರತ್ತು ಒಂದೇ: ಮೂರೂ ತಪ್ಪುಗಳನ್ನು ದಿನಾಂಕ ಸಹಿತ ಮೊದಲ ಪುಟದಲ್ಲೇ ಹೇಳಿಕೊಳ್ಳಬೇಕು. ಆತ ಒಪ್ಪಿದ. ಮೇಲ್ಮನವಿ ಪ್ರಾಧಿಕಾರ ಆದೇಶವನ್ನು ಬದಿಗಿಟ್ಟು, ಅಹವಾಲು ಕೇಳಿ ಹೊಸದಾಗಿ ತೀರ್ಮಾನಿಸುವಂತೆ ಸೂಚಿಸಿತು. ಅಹವಾಲು ನಡೆದಿದೆ. ಇದನ್ನು ಬರೆಯುವ ಹೊತ್ತಿಗೆ ಹೊಸ ಆದೇಶ ಬಂದಿಲ್ಲ. ಆತ ಸದ್ಯ ತೋಟದ ಕೂಲಿಗೆ ಹೋಗುತ್ತಿದ್ದಾನೆ.

ಬೇಲಿಯಾಚೆಯ ಆ ತಾಯಿಗೆ ಈಗ ನಾನು ಕೊಡಬಲ್ಲ ಉತ್ತರ ಇಷ್ಟು: ನಿಮ್ಮ ಮಗು ನಡೆಯುವ ರಸ್ತೆಯಲ್ಲಿ ಲಾರಿ ಓಡಿಸಲು ಈತ ಯೋಗ್ಯನೋ ಅಲ್ಲವೋ ಎಂದು ಯಾರಾದರೊಬ್ಬರು ನಿಜವಾಗಿ ಕುಳಿತು ನೋಡಬೇಕೆಂದೇ ನಾನು ಬರೆದುಕೊಟ್ಟದ್ದು. ಮೊದಲಿನ ಆದೇಶದಲ್ಲಿ ಯಾರೂ ನೋಡಿರಲಿಲ್ಲ. ಹೊಸ ಆದೇಶ ಕಾರಣ ಸಹಿತ ಬಂದರೆ, ಅದು ತನಗೆ ವಿರುದ್ಧವಾಗಿದ್ದರೂ ಎರಡು ಬಾರಿ ಓದಿ ಆಮೇಲೆ ನನ್ನ ಬಳಿ ಬರಬೇಕೆಂದು ಆತನಿಗೆ ಹೇಳಿದ್ದೇನೆ.